ವಾಲ್ ಎಲ್ಲೈತಿ

ಮೂರು ದಿನದಿಂದ ಊರಿನ ನಳಗಳು ಸುಮ್ಮನಿವೆ.
ಪುರಸಭೆ ಮುಂದೆ ಖಾಲಿ ಕೊಡಗಳ ಸಾಲು,
ಕೊಡಗಳಿಗಿಂತ ಜೋರು ಅವುಗಳ ಒಡತಿಯರು.
ನಾನು ಜನನ ಮರಣದ ಗುಮಾಸ್ತೆ.
ನೀರು ನನ್ನ ಟೇಬಲ್ ಅಲ್ಲ ಅಂದರೆ
ಯಾರು ಕೇಳುತ್ತಾರೆ.

ರಸ್ತೆ ಅಗಲ ಮಾಡಿದ್ದು ಒಳ್ಳೆಯದೇ ಆಯಿತು.
ಲಿಂಗಸುಗೂರಿಗೆ ಈಗ ನಡುವೆ ಡಿವೈಡರ್, ದೀಪದ ಕಂಬ,
ಬಸ್ಸು ಬಸ್ಸಿಗೆ ಮೈ ತಾಗಿಸದೆ ಹೋಗಬಹುದು.
ಒಂದು ಕಾಲಕ್ಕೆ ಜಿಲ್ಲೆಯಾಗಿದ್ದ ಊರು ಅಂತ
ಚಹಾದಂಗಡಿಯಲ್ಲಿ ಇನ್ನೂ ಹೇಳಿಕೊಳ್ಳುತ್ತೇವೆ,
ಮಾರಿಹೋದ ಹೊಲದ ಬಗ್ಗೆ ಹೇಳಿಕೊಂಡ ಹಾಗೆ.
ಛಾವಣಿ ಅಂದರೆ ಅಜ್ಜಂದಿರು ಇವತ್ತಿಗೂ ತಲೆ ಎತ್ತುತ್ತಾರೆ.
ಡಾಂಬರಿನ ಕೆಳಗೆ ಮಾತ್ರ ಅದೇ ಹಳೆಯ ಪೈಪು, ಹಳೆಯ ವಾಲು.
ನಕ್ಷೆ ರೆಕಾರ್ಡ್ ರೂಮಿನಲ್ಲಿತ್ತು.
ಗೆದ್ದಲು ಓದಿ ಮುಗಿಸಿದೆ.

ಜೆಇ ತೇಜಸ್ವಿನಿ ಮೇಡಂ ಮೊಬೈಲ್ ಹಿಡಿದು
ಚೌಕದಲ್ಲಿ ನಿಂತರು. ಪರದೆಯ ಮೇಲಿನ ನೀಲಿ ಚುಕ್ಕೆ
ನಾವು ಎಲ್ಲಿದ್ದೇವೆಂದು ಸರಿಯಾಗಿ ತೋರಿಸಿತು.
ವಾಲ್ ಎಲ್ಲೈತಿ ಅಂದರೆ
ಅದೂ ನಮ್ಮ ಜೊತೆ ಸುಮ್ಮನೆ ನಿಂತಿತು.

ಹುಸೇನಪ್ಪನನ್ನು ಕರೆಸಿದರು.
ರಿಟೈರಾಗಿ ಒಂಬತ್ತು ವರ್ಷ.
ಮೂವತ್ತು ವರ್ಷ ಈ ಊರನ್ನು ನಸುಕಿನಲ್ಲಿ
ಓಣಿ ಓಣಿಯಾಗಿ ಬಿಚ್ಚಿ, ಮುಚ್ಚಿದವ.
ಯಾರ ಮನೆಯಲ್ಲಿ ಮದುವೆ, ಯಾರಲ್ಲಿ ಹೆರಿಗೆ,
ಯಾವ ಓಣಿಗೆ ಹತ್ತು ನಿಮಿಷ ಹೆಚ್ಚು,
ನನ್ನ ರಿಜಿಸ್ಟರಿಗಿಂತ ಮೊದಲು ಅವನ ಕೈಗೆ ಗೊತ್ತಾಗುತ್ತಿತ್ತು.
ಬಂದ. ಹೆಗಲ ಮೇಲೆ ಅದೇ ಕಬ್ಬಿಣದ ಉದ್ದ ಚಾವಿ,
ಸರಕಾರಕ್ಕೆ ವಾಪಸು ಕೊಟ್ಟಿರಲೇ ಇಲ್ಲ.

"ಬೇವಿನ ಗಿಡದಿಂದ ನಲವತ್ತೊಂದು ಹೆಜ್ಜಿ," ಅಂದ.
ಯಾವ ಬೇವಿನ ಗಿಡ?
ಎಟಿಎಂ ಮೆಟ್ಟಿಲನ್ನು ಕಾಲಿನಿಂದ ಮುಟ್ಟಿದ,
ಗಿಡದ ಬುಡ ಮುಟ್ಟಿದ ಹಾಗೆ. ಹೊರಟ.
ದರ್ಜಿ ಲಾಲಪ್ಪನ ಕಟ್ಟಿ, ಅಂದ, ಮೊಬೈಲ್ ಅಂಗಡಿ ದಾಟಿದ.
ಕಂಬಾರರ ಕುಲುಮಿ, ಅಂದ,
ಗ್ಯಾಸ್ ಏಜೆನ್ಸಿಯ ಮುಂದೆ ಕಿಡಿ ಹಾರಿದಂತೆ ಪಕ್ಕಕ್ಕೆ ಸರಿದ.
ಈಗಿಲ್ಲದ ಊರೊಂದರ ಬೀದಿಯಲ್ಲಿ
ನಾವೆಲ್ಲ ಅವನ ಹಿಂದೆ.
ನಲವತ್ತೊಂದಕ್ಕೆ ನಿಂತು, "ಇಲ್ಲಿ."

ಜೆಸಿಬಿ ಅಗೆಯಿತು. ಮೊರಂ. ಇನ್ನಷ್ಟು ಮೊರಂ.
ಒಂದು ಹಳೆಯ ಚಪ್ಪಲಿ.
ಹುಸೇನಪ್ಪ ಗುಂಡಿ ನೋಡುತ್ತ ನಿಂತ,
ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿದೆ ಅನ್ನುವವರು
ನನ್ನ ಟೇಬಲಿನ ಮುಂದೆ ನಿಲ್ಲುವ ಹಾಗೆ.

ರಾಜಾಬಿ ಕೊಡ ಕೆಳಗಿಟ್ಟಳು.
"ಅಲ್ಲೋ ಕಾಕಾ, ನಿನ್ನ ಹೆಜ್ಜಿ ಸಣ್ಣಾಗ್ಯಾವ.
ಆಗ ಹೆಂಗ ನಡೀತಿದ್ದಿ, ಕುದುರಿಗತೆ!
ಇನ್ನಾ ಮುಂದ ಬಾ. ನಮ್ಮತ್ತಿ ಅರಿವಿ ಒಗಿಯೋ ಕಲ್ಲಿನ ಬಾಜೂಕಿತ್ತು.
ನೀ ಚಾವಿ ತಿರುವಿದಾಗೊಮ್ಮೆ ಬೈತಿದ್ದಳು."
"ಬೈತಿರಲಿಲ್ಲ, ಚಾ ಕೊಡ್ತಿದ್ದಳು," ಅಂದ ಹುಸೇನಪ್ಪ.
"ಎರಡೂ," ಅಂದಳು ಹಿಂದಿನಿಂದ ಅಮರಮ್ಮ.

ಎಂಟು ಹೆಜ್ಜೆ ಮುಂದೆ, ಒಂದು ಎಡಕ್ಕೆ,
ಹಾರೆಗೆ ಕಬ್ಬಿಣ ತಾಗಿದ ಸದ್ದು.
ಹುಡುಗರು ಚೀರಿದರು. ಗುತ್ತಿಗೆದಾರನ ಆಳು
ಬಲಕ್ಕೆ ತಿರುವಿದ. ಅಲುಗಲಿಲ್ಲ.
"ಎಡಕ್ಕ ತಿರುವು. ಉಲ್ಟಾ ಕುಂದರಿಸ್ಯಾರ ಅದನ್ನ,"
ಅಂದ ಹುಸೇನಪ್ಪ. ಸ್ವಲ್ಪ ತಡೆದು,
"ಕುಂದರಿಸಿದಂವಾ ನಾನೇ. ಆಗಿನ್ನೂ ಹೊಸಬಾ."

ಮೇಡಂ ಹೊಸ ನಕ್ಷೆಯಲ್ಲಿ ಬರೆದುಕೊಂಡರು:
ರಾಜಾಬಿಯ ಅತ್ತೆಯ ಒಗೆಯುವ ಕಲ್ಲು (ಈಗ ಇಲ್ಲ).
ಹುಸೇನಪ್ಪನಿಗೆ ಐನೂರು ರೂಪಾಯಿ ಕೊಡಬೇಕಿತ್ತು,
ಯಾವ ಲೆಕ್ಕದಲ್ಲಿ?
ಅಕೌಂಟೆಂಟ್ ಪುಟ ತಿರುವಿದ, ತಿರುವಿದ,
ಕೊನೆಗೆ ಯಂತ್ರದ ಬಾಡಿಗೆ ಅಂತ ಹಾಕಿದ.

ಆ ಅತ್ತೆಯ ಮರಣ ದಾಖಲಿಸಿದವಳು ನಾನೇ.
ಹೆಸರು, ವಯಸ್ಸು, ಕಾರಣ, ಕಾಲಂ ಇದ್ದಷ್ಟು.
ಕಲ್ಲಿಗೆ ಕಾಲಂ ಇರಲಿಲ್ಲ, ಚಹಾಕ್ಕೂ.

ಸಂಜೆ ನಮ್ಮ ನಳ ಕೆಮ್ಮಿತು. ಮೊದಲು ಗಾಳಿ,
ಆಮೇಲೆ ತುಕ್ಕಿನ ಕೆಂಪು, ಆಮೇಲೆ ನೀರು.
ಕೊಡ ತುಂಬಲು ಬಿಟ್ಟು, ಚಪ್ಪಲಿ ಮೆಟ್ಟಿ
ಚೌಕಕ್ಕೆ ಹೋದೆ.
ಎಟಿಎಂ ಮೆಟ್ಟಿಲಿನಿಂದ ಎಣಿಸಿದೆ.
ನನಗೆ ಐವತ್ತಮೂರು.